ಬ್ಯಾಡ್ಜ್ ಮೇಜಿನಲ್ಲಿ ಹುಟ್ಟಿದ ತಂಡ

ಮೈಸೂರಿನಲ್ಲಿ ನಾವು ಮೊದಲ ಬಾರಿಗೆ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶ) ಸಮ್ಮೇಳನ ನಡೆಸಿದಾಗ ಸ್ವಯಂಸೇವಕರಾಗಲು ನಲವತ್ತು ವಿದ್ಯಾರ್ಥಿಗಳು ಹೆಸರು ಕೊಟ್ಟಿದ್ದರು. ಎರಡು ದಿನ ಕುರ್ಚಿ ಜೋಡಿಸಿ, ಊಟದ ಕೂಪನ್ ಹಂಚಿ, ಅತಿಥಿಗಳನ್ನು ಸಭಾಂಗಣಕ್ಕೆ ಕರೆದೊಯ್ದರು. ಪ್ರಮಾಣಪತ್ರ ಕೈಸೇರಿದ ಮೇಲೆ ಅವರಲ್ಲಿ ಒಬ್ಬರೂ ಮತ್ತೆ ನಮ್ಮತ್ತ ಬರಲಿಲ್ಲ. ಅವರನ್ನು ದೂರುವಂತಿಲ್ಲ. ತಂತ್ರಾಂಶದೊಡನೆ ನಂಟು ಬೆಳೆಯುವಂತಹ ಒಂದು ಕೆಲಸವನ್ನೂ ನಾವು ಅವರ ಕೈಗೆ ಕೊಟ್ಟಿರಲಿಲ್ಲ.

ನನಗೆ ಇದು ಮೊದಲೇ ಹೊಳೆಯಬೇಕಿತ್ತು. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಆರಂಭವಾಗಿ, ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರವರೆಗೆ ನಡೆದ ಸಮ್ಮೇಳನಕ್ಕೆ ವಿದ್ಯಾರ್ಥಿಯಾಗಿದ್ದಾಗ ನಾನೂ ಹೋಗಿದ್ದೆ. ಸಂಘಟಕರಾದ ಅತುಲ್ ಚಿಟ್ನಿಸ್ ಮತ್ತು ಅವರ ಸಂಗಡಿಗರು ಅದರ ಕೊನೆಯ ವರ್ಷಗಳಲ್ಲಿ ಬರಿಯ ಭಾಷಣಗಳಿಗೆ ತೃಪ್ತರಾಗದೆ, ಬಂದವರು ಅಲ್ಲಿಯೇ ಕುಳಿತು ಯೋಜನೆಗಳಿಗೆ ಕೆಲಸ ಮಾಡಬೇಕೆಂದು ಒತ್ತಾಯಿಸುತ್ತಿದ್ದರು.

ಆದರೆ ಸ್ವಯಂಸೇವೆಯ ಕುರಿತು ನನ್ನ ಕಣ್ಣು ತೆರೆಸಿದ್ದು 2023ರ ಸೆಪ್ಟೆಂಬರ್‌ನಲ್ಲಿ ಕೊಚ್ಚಿಯಲ್ಲಿ ನಡೆದ ಡೆಬ್‌ಕಾನ್ಫ್. ಡೆಬಿಯನ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುವ ಯೋಜನೆಯ ಈ ವಾರ್ಷಿಕ ಸಮ್ಮೇಳನದ ಭಾಷಣಗಳನ್ನು ನೇರಪ್ರಸಾರ ಮಾಡುವವರೂ ಚಿತ್ರೀಕರಿಸುವವರೂ ಸ್ವಯಂಸೇವಕರೇ. ಕ್ಯಾಮೆರಾ ಹಿಡಿಯುವವರು, ಧ್ವನಿ ನೋಡಿಕೊಳ್ಳುವವರು, ಯಾವ ದೃಶ್ಯ ಪರದೆಗೆ ಹೋಗಬೇಕೆಂದು ತೀರ್ಮಾನಿಸುವ ನಿರ್ದೇಶಕರು, ಭಾಷಣಕಾರರನ್ನು ಪರಿಚಯಿಸಿ ಸಮಯ ಕಾಯುವವರು ಎಂದು ಕೆಲಸಗಳು ಹಂಚಿಹೋಗಿರುತ್ತವೆ. ಸಮ್ಮೇಳನಕ್ಕೆ ಬಂದ ಯಾರು ಬೇಕಾದರೂ ಸ್ವಲ್ಪ ಹೊತ್ತಿನ ತರಬೇತಿ ಪಡೆದು ಒಂದು ಭಾಷಣದ ಮಟ್ಟಿಗೆ ಆ ಹೊಣೆ ಹೊರಬಹುದು. ಕ್ಯಾಮೆರಾ ಮುಟ್ಟಿಯೇ ಅರಿಯದ ನಾನು ಮುಕ್ಕಾಲು ಗಂಟೆ ಅದರ ಹಿಂದೆ ನಿಂತೆ. ಕೆಲಸ ಚಿಕ್ಕದಾಗಿತ್ತು, ಆದರೆ ಪೂರ್ಣವಾಗಿತ್ತು, ಮತ್ತು ಆ ಹೊತ್ತಿನಲ್ಲಿ ಅದು ನನ್ನದಾಗಿತ್ತು. ದೃಶ್ಯಗಳನ್ನು ಬೆರೆಸುವ ವೋಕ್ಟೋಮಿಕ್ಸ್ ಕೂಡ ಮುಕ್ತ ತಂತ್ರಾಂಶವೇ ಆದ್ದರಿಂದ, ಊರಿಗೆ ಮರಳಿದ ಮೇಲೆ ಅದನ್ನು ನನ್ನ ಕಂಪ್ಯೂಟರಿನಲ್ಲಿಯೇ ತೆರೆದು ನೋಡುವುದು ಸಾಧ್ಯವಾಯಿತು.

ಮುಂದಿನ ವರ್ಷ ನಾವು ಪ್ರಮಾಣಪತ್ರವನ್ನು ಕೈಬಿಟ್ಟೆವು. ಹದಿನೇಳು ಮಂದಿ ಮಾತ್ರ ಬಂದರು. ಒಂದೊಂದು ಕೆಲಸಕ್ಕೆ ಇಬ್ಬರನ್ನು ನೇಮಿಸಿ, ಆ ಕೆಲಸದ ತೀರ್ಮಾನಗಳೆಲ್ಲ ಅವರಿಗೇ ಸೇರಿದ್ದೆಂದು ಹೇಳಿ, ಕೇಳಿದಾಗಲಷ್ಟೇ ನೆರವಿಗೆ ಹೋಗುವುದೆಂದು ನಮಗೆ ನಾವೇ ಕಟ್ಟುಪಾಡು ಹಾಕಿಕೊಂಡೆವು. ಇದನ್ನು ಪಾಲಿಸುವುದು ಸುಲಭವಲ್ಲ. ಕೈಗಳು ತಾವಾಗಿಯೇ ಮುಂದೆ ಹೋಗುತ್ತವೆ.

ಬ್ಯಾಡ್ಜ್ ಹೊಣೆ ಹೊತ್ತ ವಿದ್ಯಾರ್ಥಿನಿಯೊಬ್ಬಳು ಹೆಸರುಗಳನ್ನು ಕನ್ನಡದಲ್ಲಿಯೇ ಮುದ್ರಿಸಲು ಹಟ ಹಿಡಿದಳು. ಮುದ್ರಣದಂಗಡಿಯ ಹಳೆಯ ತಂತ್ರಾಂಶದಲ್ಲಿ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ) ಪಠ್ಯ ಹಾಕಿದರೆ ಒತ್ತಕ್ಷರಗಳು ಚೂರಾಗಿ, ‘ಐಶ್ವರ್ಯ’ ಎಂಬ ಹೆಸರು ಓದಲು ಬಾರದಂತಾಯಿತು. ಅವಳು ತನ್ನ ಜೊತೆಗಾರನೊಡನೆ ಕುಳಿತು, ಚಿತ್ರ ರಚಿಸುವ ಮುಕ್ತ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಗುಬ್ಬಿ ಎಂಬ ಕನ್ನಡ ಫಾಂಟ್ ಬಳಸಿ ಮಾದರಿಯೊಂದನ್ನು ಸಿದ್ಧಪಡಿಸಿ, ನೋಂದಣಿ ಪಟ್ಟಿಯಿಂದ ಹೆಸರುಗಳನ್ನು ತಾನಾಗಿ ತುಂಬುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಳು. ಆಮೇಲೆ ಕಾರ್ಯಕ್ರಮ ಪಟ್ಟಿಯಲ್ಲಿ ಪುಟ್ಟ ಕಂಪ್ಯೂಟರೊಂದರ ಹೆಸರು ‘ರ‍್ಯಾಸ್ಪ್‌ಬೆರಿ ಪೈ’ ಎಂದು ಬರಬೇಕಾದಲ್ಲಿ ಅರ್ಕಾವತ್ತು ಬಂದು ಕೂತಿತು. ರಕಾರದ ನಂತರ, ಹಲಂತದ ಮೊದಲು, ಕಣ್ಣಿಗೆ ಕಾಣದ ಜೀರೋ ವಿಡ್ತ್ ಜಾಯ್ನರ್ ಎಂಬ ಸಂಕೇತ ಇಟ್ಟರೆ ರಕಾರ ಪೂರ್ಣವಾಗಿ ಉಳಿಯುತ್ತದೆ ಎಂಬುದನ್ನು ಅವರೇ ಹುಡುಕಿ ತಿಳಿದುಕೊಂಡರು. ನನಗೆ ಉತ್ತರ ಗೊತ್ತಿತ್ತು. ಅವರು ಕೇಳದಿದ್ದುದರಿಂದ ಹೇಳಲಿಲ್ಲ, ಹೇಳದಿದ್ದುದೇ ಒಳ್ಳೆಯದಾಯಿತೆಂದು ಇಂದಿಗೂ ನಂಬಿದ್ದೇನೆ.

ಸಮ್ಮೇಳನ ಮುಗಿದ ವಾರದೊಳಗೆ ಆ ಪ್ರೋಗ್ರಾಂಗೆ ಮುಕ್ತ ತಂತ್ರಾಂಶಗಳಿಗೆ ಬಳಸುವ ಜಿಪಿಎಲ್ ಪರವಾನಗಿ ಹಾಕಿ, ಬಳಸುವ ಬಗೆಯನ್ನು ಕನ್ನಡದಲ್ಲಿ ಬರೆದು ಎಲ್ಲರಿಗೂ ಸಿಗುವಂತೆ ಮಾಡಲು ಅವರಿಗೆ ಸೂಚಿಸಿದೆ. ಆ ಒಂದು ವಾರ ಬಹಳ ಮುಖ್ಯ. ಉತ್ಸಾಹ ಆರುವ ಮೊದಲೇ ಮುಂದಿನ ಕೆಲಸವೂ ಸೇರುವ ದಿನವೂ ಗೊತ್ತಾಗಿರಬೇಕು. ಆದ್ದರಿಂದ ಮೊದಲ ಶನಿವಾರದ ಭೇಟಿಯನ್ನು ಸಮಾರೋಪದ ವೇದಿಕೆಯಲ್ಲಿಯೇ ಸಾರಿದ್ದೆವು. ಹದಿನೇಳರಲ್ಲಿ ಒಂಬತ್ತು ಮಂದಿ ಬಂದರು. ಬ್ಯಾಡ್ಜ್ ಕೆಲಸದಲ್ಲಿ ಅಕ್ಷರಗಳೊಡನೆ ಗುದ್ದಾಡಿದ್ದ ಆ ಇಬ್ಬರಿಗೆ ತಂತ್ರಾಂಶಗಳ ಕನ್ನಡ ಅನುವಾದವನ್ನು ಪರಿಶೀಲಿಸುವುದು ಸಹಜವಾಗಿ ಒಗ್ಗಿತು.

ಈಗ ಶನಿವಾರದ ಭೇಟಿಗಳನ್ನು ಆ ವಿದ್ಯಾರ್ಥಿನಿಯೇ ನಡೆಸುತ್ತಾಳೆ. ಈ ಸಲದ ಬ್ಯಾಡ್ಜ್ ಕೆಲಸವನ್ನು ಅವಳು ಹೊಸಬರಿಬ್ಬರಿಗೆ ವಹಿಸಿದ್ದಾಳೆ. ಅವರು ಗುಬ್ಬಿಯನ್ನು ಬಿಟ್ಟು ನವಿಲು ಫಾಂಟ್ ಆರಿಸಿಕೊಂಡಿದ್ದಾರೆ.