ಮಕ್ಕಳ ಸಿಡುಕನ್ನು ಅಳೆಯುವುದು ಹೇಗೆ: ಶಿರಸಿ, ಕಾರವಾರ ಭಾಗದ ಆಪ್ತಸಮಾಲೋಚಕರಿಗೆ

‘ಮಾಣಿಗೆ ರಾಶಿ ಸಿಟ್ಟು’ ಎನ್ನುತ್ತಾರೆ ತಾಯಿ. ಫೈಲಿನಲ್ಲಿ ‘ಸಿಟ್ಟು ++’ ಎಂದು ಬರೆಯುತ್ತೇವೆ. ಮೂರು ತಿಂಗಳು ಮಾತ್ರೆ ಕೊಟ್ಟು, ತಂದೆತಾಯಿಗೆ ತರಬೇತಿ ಕೊಟ್ಟು, ಮತ್ತೆ ಕೇಳಿದರೆ ‘ಅಡ್ಡಿಲ್ಲೆ, ಸ್ವಲ್ಪ ಕಡಿಮೆ’ ಎಂಬ ಉತ್ತರ. ಯಾವುದು ಕಡಿಮೆ? ಎಷ್ಟು ಸಲ ಸಿಡಿಯುತ್ತಾನೆ ಎಂಬುದೋ, ಸಿಡಿದಾಗಿನ ಜೋರೋ, ಅಥವಾ ದಿನವಿಡೀ ಗಂಟು ಹಾಕಿಕೊಂಡಿರುವ ಮುಖವೋ? ಆ ಎರಡು ಪ್ಲಸ್ ಗುರುತುಗಳಿಂದ ಇದು ತಿಳಿಯುವುದಿಲ್ಲ.

ಸಿಡುಕಿನಲ್ಲಿ ಎರಡು ಭಾಗಗಳಿವೆ. ಒಂದು ಸಿಡಿತ: ಕಿರುಚುವುದು, ಎಸೆಯುವುದು, ಹೊಡೆಯುವುದು. ಇದಕ್ಕೆ ಶುರು, ಕೊನೆ ಎರಡೂ ಇರುತ್ತವೆ. ಇನ್ನೊಂದು ಎರಡು ಸಿಡಿತಗಳ ನಡುವಿನ ಮನಸ್ಥಿತಿ: ಮಾತಾಡಿಸಿದರೆ ಗುರ್ ಎನ್ನುವುದು, ಸಣ್ಣದಕ್ಕೂ ಕಿರಿಕಿರಿ, ಬೆಳಗ್ಗೆಯ ಮುನಿಸು ಸಂಜೆಯಾದರೂ ಇಳಿಯದಿರುವುದು. ಮನೆಯವರಿಗೆ ನೆನಪಿರುವುದು ಮೊದಲನೆಯದು, ಏಕೆಂದರೆ ತಟ್ಟೆ ಒಡೆದಿರುತ್ತದೆ. ಎರಡನೆಯದನ್ನು ಕೇಳದೆ ಯಾರೂ ಹೇಳುವುದಿಲ್ಲ. ಆದರೆ ರೋಗನಿರ್ಣಯ ತಿರುಗುವುದು ಹೆಚ್ಚಾಗಿ ಅಲ್ಲೇ. ಅದಕ್ಕಾಗಿ ಎರಡನ್ನೂ ಬೇರೆ ಬೇರೆಯಾಗಿ ಕೇಳಿ, ಬೇರೆ ಬೇರೆಯಾಗಿ ಬರೆಯಿರಿ.

ಹೊಡೆದಾಟವನ್ನು ಸಿಡುಕಿನ ಅಳತೆ ಎಂದುಕೊಳ್ಳಬೇಡಿ. ಲೆಕ್ಕ ಹಾಕಿ, ತಣ್ಣಗೆ ಕಿರಿಯರಿಗೆ ಹೊಡೆದು ದುಡ್ಡು ಕಸಿಯುವ ಹುಡುಗನಲ್ಲಿ ಸಿಡುಕು ಇಲ್ಲದಿರಬಹುದು. ಯಾರ ಮೇಲೂ ಕೈ ಮಾಡದ ಹುಡುಗಿ ದಿನವಿಡೀ ಸಿಡಿಮಿಡಿಗೊಳ್ಳುತ್ತಿರಬಹುದು. ಆ ಹುಡುಗಿಯನ್ನು ನಾವು ಕಾಣದೇ ಬಿಡುತ್ತೇವೆ ಎಂಬುದೇ ಹೆಚ್ಚು ಚಿಂತೆಯ ವಿಷಯ.

ಮೊದಲು ಪದ ಗಟ್ಟಿ ಮಾಡಿಕೊಳ್ಳಿ

ಕಾರವಾರ, ಅಂಕೋಲಾ ಕಡೆ ಮನೆಮಾತು ಕೊಂಕಣಿಯಾದರೆ ತಾಯಿ ‘ರಾಗ’ ಎನ್ನುತ್ತಾರೆ. ಕೊಂಕಣಿಯಲ್ಲಿ ರಾಗ ಎಂದರೆ ಸಿಟ್ಟು. ಕನ್ನಡದ ಕಿವಿಗೆ ಅದು ‘ರಾಗ ಎಳೆಯುವುದು’, ಅಂದರೆ ಅಳುಮೋರೆಯ ಗೊಣಗಾಟ ಎಂದು ಕೇಳಬಹುದು. ‘ಹಠ’ ಎಂಬ ಮಾತೂ ಹೀಗೇ ಮೋಸ ಮಾಡುತ್ತದೆ. ಬೇಕೆಂದದ್ದು ಸಿಗುವವರೆಗೆ ಬಿಡದಿರುವುದು ಹಠ. ಅದರಲ್ಲಿ ಸಿಟ್ಟು ಇರಲೇಬೇಕೆಂದಿಲ್ಲ. ಮನೆಯವರು ಬಳಸಿದ ಪದವನ್ನು ಹಾಗೇ ಬರೆದುಕೊಂಡು, ‘ಆಗ ಅವನು ಏನು ಮಾಡುತ್ತಾನೆ? ನಾನು ಅಲ್ಲಿದ್ದರೆ ನನಗೆ ಏನು ಕಾಣುತ್ತಿತ್ತು?’ ಎಂದು ಕೇಳಿ. ಆ ಒಂದು ಪ್ರಶ್ನೆ ಅರ್ಧ ಗೊಂದಲ ಬಿಡಿಸುತ್ತದೆ.

ಯಾವ ಮಾಪನ

ದಿನನಿತ್ಯದ ಕೆಲಸಕ್ಕೆ ಅನುಕೂಲವಾದದ್ದು ಅಫೆಕ್ಟಿವ್ ರಿಯಾಕ್ಟಿವಿಟಿ ಇಂಡೆಕ್ಸ್, ಚಿಕ್ಕದಾಗಿ ಎಆರ್‌ಐ. ಸಂಶೋಧಕ ಸ್ಟ್ರಿಂಗಾರಿಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ್ದು. ಒಟ್ಟು ಏಳು ಹೇಳಿಕೆಗಳು. ಆರು ಸಿಡುಕಿನ ಬಗ್ಗೆ: ಬೇಗ ಕಿರಿಕಿರಿಯಾಗುವುದು, ತಾಳ್ಮೆ ಕಳೆದುಕೊಳ್ಳುವುದು, ಸಿಟ್ಟು ಬಹಳ ಹೊತ್ತು ಉಳಿಯುವುದು, ಹೆಚ್ಚಿನ ಹೊತ್ತು ಸಿಟ್ಟಿನಲ್ಲೇ ಇರುವುದು, ಇಂಥವು. ಏಳನೆಯದು ಇದರಿಂದ ಬದುಕಿಗೆ ತೊಂದರೆಯಾಗುತ್ತಿದೆಯೇ ಎಂಬುದು. ಪ್ರತಿಯೊಂದಕ್ಕೂ 0 (ನಿಜವಲ್ಲ), 1 (ಸ್ವಲ್ಪ ಮಟ್ಟಿಗೆ ನಿಜ), 2 (ಖಂಡಿತ ನಿಜ). ಮೊದಲ ಆರನ್ನು ಕೂಡಿಸಿದರೆ 0ರಿಂದ 12. ಏಳನೆಯದನ್ನು ಆ ಮೊತ್ತಕ್ಕೆ ಸೇರಿಸಬಾರದು, ಪಕ್ಕದಲ್ಲಿ ಬೇರೆಯಾಗಿ ಬರೆಯಬೇಕು. 14ಕ್ಕೆ 9 ಎಂದು ಬರೆದ ಹಾಳೆ ಕಂಡರೆ ಯಾರೋ ಏಳನ್ನೂ ಕೂಡಿಸಿದ್ದಾರೆ ಎಂದು ತಿಳಿಯಿರಿ.

ತಂದೆತಾಯಿಗೆ ಒಂದು, ಮಗುವಿಗೆ ಒಂದು ಆವೃತ್ತಿ ಇದೆ. ಮೂಲದಲ್ಲಿ ಕೇಳುವುದು ಕಳೆದ ಆರು ತಿಂಗಳು, ಅದೂ ಅದೇ ವಯಸ್ಸಿನ ಇತರ ಮಕ್ಕಳಿಗೆ ಹೋಲಿಸಿ. ಕಳೆದ ಒಂದು ವಾರದ ಬಗ್ಗೆ ಕೇಳುವ ರೂಪವೂ ಬಳಕೆಯಲ್ಲಿದೆ. ಮೊದಲ ಭೇಟಿಗೆ ಆರು ತಿಂಗಳಿನದು, ಚಿಕಿತ್ಸೆಯ ಬದಲಾವಣೆ ನೋಡಲು ವಾರದ್ದು. ಮೊದಲು ಆರು ತಿಂಗಳಿನದನ್ನು ತುಂಬಿಸಿ, ಆಮೇಲೆ ವಾರದ್ದರ ಜೊತೆ ಹೋಲಿಸಿ ‘ಇಳಿದಿದೆ’ ಎನ್ನುವುದು ಸಾಮಾನ್ಯ ತಪ್ಪು. ಮೊದಲ ದಿನವೇ ಎರಡನ್ನೂ ತುಂಬಿಸಿಟ್ಟರೆ ಈ ತೊಡಕಿಲ್ಲ. ಐದು ನಿಮಿಷ ಹೆಚ್ಚು, ಅಷ್ಟೆ.

ಸಮಯ ಇದ್ದಲ್ಲಿ, ವೈದ್ಯರೇ ಕೇಳಿ ಅಂಕ ಕೊಡುವ ಎಆರ್‌ಐ ರೂಪ ಇನ್ನೂ ಒಳ್ಳೆಯದು. ಅದರಲ್ಲಿ ಸಿಡಿತ, ಸಿಡಿತಗಳ ನಡುವಿನ ಮನಸ್ಥಿತಿ, ಆದ ತೊಂದರೆ ಎಂದು ಮೂರು ಭಾಗಗಳೇ ಇವೆ. ಆಟಿಸಂ ಅಥವಾ ಬುದ್ಧಿಶಕ್ತಿಯ ಕೊರತೆ ಇರುವ ಮಕ್ಕಳಿಗೆ ಹೆಚ್ಚು ಬಳಸುವುದು ಅಬರಂಟ್ ಬಿಹೇವಿಯರ್ ಚೆಕ್‌ಲಿಸ್ಟಿನ ಸಿಡುಕಿನ ಉಪಮಾಪನ. 58 ಅಂಶಗಳಲ್ಲಿ 15, ಒಂದೊಂದಕ್ಕೆ 0ರಿಂದ 3, ಗರಿಷ್ಠ 45. ಹೆಸರು ಸಿಡುಕು ಎಂದಿದ್ದರೂ ಅದರೊಳಗೆ ತನಗೆ ತಾನೇ ಗಾಯ ಮಾಡಿಕೊಳ್ಳುವುದು, ಇತರರ ಮೇಲೆ ಎರಗುವುದು, ಅಳುವುದು ಎಲ್ಲ ಸೇರಿವೆ. ಅಲ್ಲಿ ಅಂಕ ಹೆಚ್ಚು ಬಂದರೆ ಯಾವ ಅಂಶದಿಂದ ಬಂತು ಎಂದು ಬಿಡಿಸಿ ನೋಡಬೇಕು.

ಕನ್ನಡದಲ್ಲಿ ಬಳಸುವಾಗ ಒಂದೇ ಅನುವಾದ ಇಟ್ಟುಕೊಳ್ಳಿ, ಓದಿ ಹೇಳುವವರೆಲ್ಲ ಅದೇ ಪದಗಳನ್ನು ಓದಲಿ. ಇಬ್ಬರು ಸೇರಿ ಅನುವಾದಿಸಿ, ಮೂಲ ನೋಡದ ಮೂರನೆಯವರಿಂದ ಇಂಗ್ಲಿಷಿಗೆ ತಿರುಗಿಸಿ ನೋಡಿ, ನಂತರ ನಾಲ್ಕೈದು ತಾಯಂದಿರಿಗೆ ಓದಿ ಹೇಳಿ ‘ಏನು ಅರ್ಥವಾಯಿತು?’ ಎಂದು ಕೇಳಿ. ಹೀಗೆ ಮಾಡಿದರೂ ಹೊರದೇಶದ ಸರಾಸರಿಯ ಜೊತೆ ನಮ್ಮ ಅಂಕಿಯನ್ನು ಇಟ್ಟು ‘ಇಷ್ಟಕ್ಕಿಂತ ಮೇಲೆ ಕಾಯಿಲೆ’ ಎನ್ನಲಾಗದು. ಆ ಮಗುವಿನ ಹಿಂದಿನ ಅಂಕಿಯೇ ನಮಗೆ ನಂಬಿಗಸ್ತ ಅಳತೆಗೋಲು.

ಕೇಳುವ ಕ್ರಮ

ತಾಯಿಯನ್ನೂ ಮಗುವನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಎರಡು ಹಾಳೆ ಕೊಡಬೇಡಿ. ಮಗು ತಾಯಿಯ ಹಾಳೆ ನೋಡಿ ಬರೆಯುತ್ತದೆ, ಇಲ್ಲವೇ ತಾಯಿ ‘ಸುಳ್ಳು ಬರೀಬೇಡ’ ಎಂದು ಗದರುತ್ತಾರೆ. ಎಂಟೊಂಬತ್ತು ವರ್ಷ ದಾಟಿ ಓದಲು ಬರುವ ಮಗುವಾದರೆ ಬೇರೆ ಕಡೆ ಕೂರಿಸಿ. ಚಿಕ್ಕವರಿಗೆ ಓದಿ ಹೇಳಿ. ‘ನಿನಗೆ ಯಾಕೆ ಇಷ್ಟು ಸಿಟ್ಟು?’ ಎಂದು ಶುರು ಮಾಡಿದರೆ ಎಲ್ಲಕ್ಕೂ ಸೊನ್ನೆ ಬರುತ್ತದೆ. ‘ತಮ್ಮಾ, ಹೋದ ವಾರ ಯಾವುದಾದರೂ ನಿನಗೆ ತುಂಬಾ ಕಿರಿಕಿರಿ ಮಾಡಿತಾ?’ ಎಂದು ಕೇಳಿದರೆ ಬಾಯಿ ಬಿಡುತ್ತದೆ.

ಬಿಟ್ಟುಹೋದ ಅಂಶಕ್ಕೆ ಸೊನ್ನೆ ಹಾಕಬೇಡಿ. ಹೊರಡುವ ಮೊದಲು ಹಾಳೆ ನೋಡಿ, ಖಾಲಿ ಇದ್ದಲ್ಲಿ ಮತ್ತೆ ಕೇಳಿ.

ತಾಯಿ 10, ಮಗು 3 ಎಂದು ಬಂದರೆ ಸರಾಸರಿ ತೆಗೆದು ಆರೂವರೆ ಎಂದು ಬರೆಯುವುದು ತಪ್ಪು. ಎರಡೂ ನಿಜವಿರಬಹುದು. ಶಾಲೆಯಲ್ಲಿ ಬಿಗಿಹಿಡಿದು ಮನೆಯಲ್ಲಿ ಬಿಡುವ ಮಕ್ಕಳಿದ್ದಾರೆ. ಖಿನ್ನತೆಯಿಂದ ಬಳಲುವ ತಾಯಿಗೆ ಮಗುವಿನ ಸಿಟ್ಟು ಇನ್ನೂ ದೊಡ್ಡದಾಗಿ ಕಾಣಬಹುದು. ಉಲ್ಟಾ, ಮಗು 10 ಎಂದು ತಾಯಿ 3 ಎಂದರೆ ಕಿವಿ ನಿಮಿರಿಸಿ: ಒಳಗೇ ಕುದಿಯುತ್ತಿರುವ ಮಗು ಅದು. ಸಾಯಬೇಕೆನಿಸಿತ್ತೇ, ಕೈ ಕೊಯ್ದುಕೊಂಡಿದ್ದೀಯಾ ಎಂದು ಅಲ್ಲೇ, ಆ ದಿನವೇ, ಒಬ್ಬರೇ ಇರುವಾಗ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ದೀರ್ಘಕಾಲದ ಸಿಡುಕು ಮುಂದೆ ಖಿನ್ನತೆ, ಆತಂಕಗಳ ಕಡೆಗೆ ಹೋಗುವುದೇ ಹೆಚ್ಚು. ಮನೆಗೆ ಹೋಗುವಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಬರೆದುಕೊಡಿ.

ಕರಾವಳಿಯಲ್ಲಿ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೂನ್‌ನಲ್ಲಿ ಬಂದ ಮಗುವಿನ ‘ಕಳೆದ ಆರು ತಿಂಗಳಲ್ಲಿ’ ಬೇಸಿಗೆ ರಜೆಯೂ ಸೇರಿದೆ, ಹೊಸ ಶಿಕ್ಷಕರು ಮಗುವನ್ನು ನೋಡಿರುವುದು ಕೆಲವೇ ದಿನ. ಹಳೆಯ ತರಗತಿಯ ಶಿಕ್ಷಕರನ್ನೇ ಕೇಳಿ. ಯಾಂತ್ರಿಕ ದೋಣಿಯಲ್ಲಿ ದುಡಿಯುವ ತಂದೆ ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ಮನೆಯಲ್ಲಿರುತ್ತಾರೆ, ಉಳಿದ ತಿಂಗಳು ಕಡಲಲ್ಲಿ. ಜುಲೈನಲ್ಲಿ ತಂದೆ ತುಂಬಿದ ಹಾಳೆಯನ್ನು ನವೆಂಬರಿನಲ್ಲಿ ತಾಯಿ ತುಂಬಿದ್ದರ ಜೊತೆ ಹೋಲಿಸಿದರೆ ಬದಲಾದದ್ದು ಮಗುವೋ, ಹೇಳಿದವರೋ, ಮನೆಯೋ ತಿಳಿಯದು. ಮೊದಲ ಸಲ ಯಾರು ತುಂಬಿದರೋ ಕೊನೆಯವರೆಗೂ ಅವರೇ ತುಂಬಲಿ.

ಮನೆಯ ಲೆಕ್ಕದ ಹಾಳೆ

ಇದು ಪರೀಕ್ಷಿತ ಮಾಪನವಲ್ಲ, ನೆನಪಿಗೆ ಆಸರೆ. ಎರಡು ವಾರ ಬರೆದು ತರಲು ಹೇಳಿ. ಒಂದು ಪುಟದ ಹಾಳೆ ಹೀಗಿರುತ್ತದೆ:

ಸೋಮವಾರ, ಸಂಜೆ 5.40. ಶಾಲೆ ಬಸ್ಸಿನಿಂದ ಇಳಿದು ಬಂದ ಕೂಡಲೇ. ತಂಗಿ ಮೊಬೈಲ್ ಹಿಡಿದಿದ್ದಳು. ಕಿರುಚಿದ, ಚೀಲ ಎಸೆದ. 12 ನಿಮಿಷ. ಆಮೇಲೆ ಅವಲಕ್ಕಿ ತಿಂದು ಆಡಲು ಹೋದ.

ಬುಧವಾರ, ರಾತ್ರಿ 8.15. ಕನ್ನಡ ಪಾಠ ಓದು ಎಂದಿದ್ದಕ್ಕೆ. ಪುಸ್ತಕ ಹರಿದ, ಅಜ್ಜಿಯನ್ನು ನೂಕಿದ. 35 ನಿಮಿಷ. ಊಟ ಬಿಟ್ಟು ಮಲಗಿದ. ಮರುದಿನ ಬೆಳಗ್ಗೆಯೂ ಮಾತಿಲ್ಲ.

ಎಆರ್‌ಐಯಲ್ಲಿ ಎರಡಕ್ಕೂ ‘ಖಂಡಿತ ನಿಜ’ ಎಂದೇ ಬೀಳಬಹುದು. ಹಾಳೆಯಲ್ಲಿ ಮಾತ್ರ ಅವು ಬೇರೆ ಬೇರೆ. ಮೊದಲನೆಯದರಲ್ಲಿ ಹಸಿವು, ದಣಿವು ಇದೆ. ತಿಂದ ಮೇಲೆ ಮುಗಿಯಿತು. ಎರಡನೆಯದು ಓದಿನ ಸುತ್ತ, ಉದ್ದ ಹೆಚ್ಚು, ಮರುದಿನಕ್ಕೂ ಉಳಿದಿದೆ. ಇಂಥ ಸಾಲುಗಳು ಮತ್ತೆ ಮತ್ತೆ ಬಂದರೆ ಕಲಿಕೆಯ ತೊಂದರೆ ಇದೆಯೇ ಎಂದು ಪರೀಕ್ಷಿಸಿ.

ಹಾಳೆಯ ಕೆಳಗೆ ದಿನಕ್ಕೆ ಮೂರು ಚೌಕ: ಬೆಳಗ್ಗೆ, ಮಧ್ಯಾಹ್ನ, ಸಂಜೆ. ಸಿಡಿತ ಇರಲಿ ಬಿಡಲಿ, ಆ ಹೊತ್ತು ಮಗು ಹೇಗಿತ್ತು ಎಂದು 0 (ಸಿಡುಕಿಲ್ಲ), 1 (ಸ್ವಲ್ಪ) ಅಥವಾ 2 (ಹೆಚ್ಚು). ವಾರಕ್ಕೆ 21 ಚೌಕ. ಶಾಲೆಯ ದಿನ ಮಧ್ಯಾಹ್ನದ ಚೌಕ ಖಾಲಿ ಬಿಡಲಿ, ಊಹಿಸಿ ತುಂಬುವುದು ಬೇಡ. ಬರೆಯಲು ಬಾರದ ಮನೆಯಾದರೆ ಸಿಡಿತಕ್ಕೊಂದು ಹುಣಸೆ ಬೀಜ ಡಬ್ಬಿಗೆ, ದಿನವಿಡೀ ಮುಖ ಗಂಟಿಕ್ಕಿದ್ದರೆ ಕ್ಯಾಲೆಂಡರಿನ ಆ ತಾರೀಖಿಗೊಂದು ಗೀಟು.

ಅಂಕಿ ಬಂದ ಮೇಲೆ

ಮೊದಲು ದೇಹ ನೋಡಿ. ಹಲ್ಲುನೋವು, ಕಿವಿಸೋರು, ಮಲಬದ್ಧತೆ, ರಕ್ತಹೀನತೆ, ಥೈರಾಯ್ಡ್. ಮಾತು ಬಾರದ ಮಗುವಿನ ಸಿಡುಕಿನಲ್ಲಿ ನೋವನ್ನು ಹುಡುಕಲೇಬೇಕು. ಫಿಟ್ಸ್‌ಗೆ ಲೆವೆಟಿರಾಸಿಟಾಮ್ ಶುರುವಾದ ಮೇಲೆ ಬಂತೇ? ಸ್ಟೀರಾಯ್ಡ್ ಇದೆಯೇ? ಮಿಥೈಲ್‌ಫೆನಿಡೇಟ್ (ಗಮನದ ಕೊರತೆ, ಅತಿ ಚಟುವಟಿಕೆಗೆ ಕೊಡುವ ಔಷಧ) ತೆಗೆದುಕೊಳ್ಳುವ ಮಗು, ಔಷಧ ಇಳಿಯುವ ಸಂಜೆ ಹೊತ್ತಿಗಷ್ಟೇ ಸಿಡಿಯುತ್ತಿದೆಯೇ? ಹಾಳೆಯಲ್ಲಿ ಗಂಟೆ ಬರೆಸುವುದು ಇದಕ್ಕೇ. ನಿದ್ದೆ ಎಷ್ಟು ಎಂದೂ ಕೇಳಿ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದ ಮರುದಿನದ ಸಿಡುಕನ್ನು ಲೆಕ್ಕದಲ್ಲಿ ಗುರುತಿಸಿಡಿ.

ಆಮೇಲೆ ಕಾಲಾವಧಿ. ವರ್ಷಗಟ್ಟಲೆ ಒಂದೇ ಸಮನೆ ಇರುವ ಸಿಡುಕು ಬೇರೆ. ಚೆನ್ನಾಗಿದ್ದ ಮಗುವಿಗೆ ಒಂದು ದಿನದಿಂದ ಶುರುವಾಗಿ, ನಿದ್ದೆ ಬೇಡವಾಗಿ, ಮಾತು ಹೆಚ್ಚಾಗಿ, ವಾರಕ್ಕೂ ಮಿಕ್ಕಿ ನಡೆದು ಇಳಿಯುವುದು ಬೇರೆ. ಎರಡನೆಯದಾದರೆ ಉನ್ಮಾದದ (ಮೇನಿಯಾ) ಪ್ರಶ್ನೆಗಳನ್ನು ಕೇಳಬೇಕು. ದೀರ್ಘಕಾಲದ ಸಿಡುಕಿಗೆ ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ 2013ರ ಡಿಎಸ್‌ಎಂ–5 ಕೊಟ್ಟ ಹೆಸರು ಡಿಸ್ರಪ್ಟಿವ್ ಮೂಡ್ ಡಿಸ್‌ರೆಗ್ಯುಲೇಶನ್ ಡಿಸಾರ್ಡರ್. ವಾರಕ್ಕೆ ಸರಾಸರಿ ಮೂರು ಅಥವಾ ಹೆಚ್ಚು ಸಿಡಿತ, ನಡುವೆ ಹೆಚ್ಚುಕಡಿಮೆ ಪ್ರತಿದಿನ ದಿನದ ಬಹುಪಾಲು ಸಿಡುಕು, 12 ತಿಂಗಳು, ಅದರಲ್ಲಿ ಸತತ ಮೂರು ತಿಂಗಳ ಬಿಡುವು ಇರಕೂಡದು. ಮನೆ, ಶಾಲೆ, ಗೆಳೆಯರು ಈ ಮೂರರಲ್ಲಿ ಕನಿಷ್ಠ ಎರಡು ಕಡೆ, ಒಂದು ಕಡೆಯಾದರೂ ತೀವ್ರವಾಗಿ. 10 ವರ್ಷದೊಳಗೆ ಶುರುವಾಗಿರಬೇಕು. ಮೊದಲ ಸಲ ಹೆಸರಿಡುವುದು 6ರಿಂದ 18ರ ನಡುವೆ. ಐಸಿಡಿ–11 (ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ) ಇದನ್ನು ಬೇರೆ ಕಾಯಿಲೆ ಎನ್ನದೆ, ವಿರೋಧಿ ವರ್ತನೆಯ ತೊಂದರೆಯೊಳಗೇ ದೀರ್ಘಕಾಲದ ಸಿಡುಕು ಸೇರಿದ ಬಗೆ ಎಂದು ಇಟ್ಟಿದೆ. ಎಆರ್‌ಐ ಅಂಕಿಯೊಂದರಿಂದಲೇ ಈ ಹೆಸರು ಯಾವುದನ್ನೂ ಬರೆಯಬಾರದು.

ಎರಡನೇ ಭೇಟಿಯಲ್ಲಿ ಅಂಕಿ ಇಳಿದರೆ ತಕ್ಷಣ ಮಾತ್ರೆಗೆ ಹೆಸರು ಕೊಡಬೇಡಿ. ಮನೆಯವರು ಆಸ್ಪತ್ರೆಗೆ ಬರುವುದೇ ತೀರಾ ಕೆಟ್ಟ ವಾರದಲ್ಲಿ. ಏನೂ ಮಾಡದಿದ್ದರೂ ಮುಂದಿನ ವಾರ ಸ್ವಲ್ಪ ಇಳಿಯುವ ಸಾಧ್ಯತೆಯೇ ಹೆಚ್ಚು. ಅಪಾಯವಿಲ್ಲದ ಮಗುವಾದರೆ, ಔಷಧ ಶುರು ಮಾಡುವ ಮೊದಲು ಎರಡು ವಾರದ ಅಂತರದಲ್ಲಿ ಎರಡು ಸಲ ಅಳೆಯಿರಿ. ಎರಡನೆಯದನ್ನೇ ಆರಂಭದ ಅಂಕಿ ಎಂದು ಹಿಡಿಯಿರಿ.

ಫೈಲಿನಲ್ಲಿ ‘ಸಿಟ್ಟು ++’ ಇದ್ದ ಜಾಗಕ್ಕೆ ಇಷ್ಟು ಸಾಕು: ‘ಎಆರ್‌ಐ, ವಾರದ ರೂಪ, ತಾಯಿ, ಕನ್ನಡದಲ್ಲಿ ಓದಿ ಹೇಳಿದ್ದು: 9/12, ತೊಂದರೆ 2. ಮಗು: 4/12, ತೊಂದರೆ 1. ಸಿಡಿತ ವಾರಕ್ಕೆ 4, ಅತಿ ಉದ್ದದ್ದು 35 ನಿಮಿಷ. ಮನಸ್ಥಿತಿಯ ಚೌಕ 21ರಲ್ಲಿ 16 ತುಂಬಿದೆ, 9ರಲ್ಲಿ 1 ಅಥವಾ 2. ಸಾಯುವ ಯೋಚನೆ ಕೇಳಲಾಗಿದೆ, ಇಲ್ಲ. ಮುಂದಿನ ಸಲವೂ ತಾಯಿಯೇ ತುಂಬಬೇಕು.’