ಇಂಡಿಕೇಟರ್ ಆಗಾಗ ಕೈಕೊಡ್ತಿದ್ದರೆ ಹ್ಯಾಂಡಲ್ ತಿರುಗಿಸಿ ನೋಡಿ

ರಿಲೇ (ಇಂಡಿಕೇಟರನ್ನು ಮಿಣುಕಿಸುವ ಪುಟ್ಟ ಡಬ್ಬಿ) ಬದಲಿಸುವ ಮೊದಲು, ಬೈಕ್ ನಿಲ್ಲಿಸಿಕೊಂಡೇ ಇಂಡಿಕೇಟರ್ ಹಾಕಿ, ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿವರೆಗೆ ನಿಧಾನಕ್ಕೆ ತಿರುಗಿಸಿ. ಒಂದು ಜಾಗಕ್ಕೆ ಬಂದಾಗ ಮಿಣುಕು ನಿಂತರೆ, ಹೆಚ್ಚಾಗಿ ಹೆಡ್‌ಲೈಟ್ ಹಿಂದೆ ಬಾಗುವ ವೈರಿನಲ್ಲೇ ತೊಂದರೆ. ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗಿರುತ್ತವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹೊಸದರ ಹಾಗೇ ಕಾಣುತ್ತದೆ. ಬೆರಳಲ್ಲಿ ಹಿಚುಕುತ್ತಾ ಹೋಗಿ, ತುಂಡಾದ ಕಡೆ ಮೆತ್ತಗೆ ಸಿಗುತ್ತದೆ. ಸುಮ್ನೆ ಟೇಪ್ ಸುತ್ತಬೇಡಿ. ಅಷ್ಟು ಉದ್ದ ಹೊಸ ವೈರ್ ಹಾಕಿಸಿ, ಜಾಯಿಂಟ್ ಬಾಗುವ ಜಾಗದಿಂದ ದೂರ ಇರಲಿ, ಇಲ್ಲದಿದ್ದರೆ ಅಲ್ಲೇ ಮತ್ತೆ ಮುರಿಯುತ್ತದೆ. ಒಂದೇ ಕಡೆ ಬೇಗ ಬೇಗ ಮಿಣುಕುತ್ತಿದ್ದರೆ ಈ ಪರೀಕ್ಷೆ ಉಪಯೋಗಕ್ಕೆ ಬರಲ್ಲ. ಹೆಚ್ಚಾಗಿ ಬಲ್ಬ್ ಹೋಗಿರುತ್ತದೆ, ಇಲ್ಲವೇ ಹೋಲ್ಡರ್ ತುಕ್ಕು ಹಿಡಿದಿರುತ್ತದೆ.