ಒಂಟಿ ಮೊಲ ಗೂಡು ಕಟ್ಟಿದ ಮೇಲೆ

ಶಿರಸಿಯ ನಮ್ಮ ಮನೆಯ ಜಗುಲಿಯಲ್ಲಿ ಒಂಟಿಯಾಗಿ ಬೆಳೆದ ಹೆಣ್ಣು ಮೊಲವು ಏಳನೆಯ ತಿಂಗಳಲ್ಲಿ ತನ್ನ ಕೊರಳ ಕೆಳಗಿನ ಮತ್ತು ಹೊಟ್ಟೆಯ ತುಪ್ಪಳವನ್ನು ಕಿತ್ತು, ತಿನ್ನಲೆಂದು ಹಾಕಿದ್ದ ಕರಡದೊಡನೆ (ಒಣಹುಲ್ಲಿನೊಡನೆ) ಸೇರಿಸಿ ಮೂಲೆಯಲ್ಲಿ ಗೂಡು ಕಟ್ಟಿತು. “ಇದು ಮರಿ ಹಾಕ್ತು ಕಾಣ್ತು” ಎಂದಳು ಆಯಿ. ಆದರೆ ನಮ್ಮಲ್ಲಿಗೆ ಬಂದ ಮೇಲೆ ಅದು ಗಂಡು ಮೊಲವನ್ನು ಕಂಡೇ ಇರಲಿಲ್ಲ.

ಅದು ಸುಳ್ಳು ಬಸಿರು ಎಂದು ಪಶುವೈದ್ಯರು ತಿಳಿಸಿದರು. ಮೊಲದ ಅಂಡಾಣು ಸಾಮಾನ್ಯವಾಗಿ ಕೂಡುವಿಕೆಯ ಪ್ರಚೋದನೆಯಿಂದ ಬಿಡುಗಡೆಯಾಗುತ್ತದೆ. ಕೆಲವೊಮ್ಮೆ ಗಂಡಿಲ್ಲದೆಯೂ ಅಂಡಾಣು ಬಿಡುಗಡೆಯಾಗಿ, 16ರಿಂದ 18 ದಿನಗಳವರೆಗೆ ದೇಹವು ಬಸುರಿಯಂತೆಯೇ ನಡೆದುಕೊಳ್ಳುತ್ತದೆ. ಆ ದಿನಗಳಲ್ಲಿ ನಮ್ಮ ಮೊಲ ಗೂಡಿಗೆ ಕೈಯಿಟ್ಟರೆ ಗುರುಗುಟ್ಟಿ ಕಚ್ಚುತ್ತಿತ್ತು, ಒಂದೇ ಮೂಲೆಯಲ್ಲಿ ಉಚ್ಚೆ ಹೊಯ್ಯುವ ರೂಢಿಯನ್ನು ಬಿಟ್ಟು ಚಾಪೆಯನ್ನೆಲ್ಲ ನೆನೆಸುತ್ತಿತ್ತು. ಅದನ್ನು ಕೆಟ್ಟ ಸ್ವಭಾವವೆಂದು ಬಗೆದು ನಾನು ಗದರಿಸಿದ್ದಕ್ಕೆ ಇಂದಿಗೂ ನೋವಿದೆ.

ಅಂಡಾಶಯವನ್ನೂ ಗರ್ಭಕೋಶವನ್ನೂ ತೆಗೆಯುವ ಸಂತಾನಹರಣ ಶಸ್ತ್ರಚಿಕಿತ್ಸೆಗೆ ನಾನು ಒಪ್ಪಿದ್ದು ಈ ನಡವಳಿಕೆಗಾಗಿ ಅಲ್ಲ, ಗರ್ಭಕೋಶಕ್ಕಾಗಿ. ಶಸ್ತ್ರಚಿಕಿತ್ಸೆಯಾಗದ ಹೆಣ್ಣು ಮೊಲಗಳಲ್ಲಿ ಮೂರು–ನಾಲ್ಕು ವರ್ಷ ದಾಟಿದ ಮೇಲೆ ಗರ್ಭಕೋಶದ ಕ್ಯಾನ್ಸರ್ ತೀರ ಸಾಮಾನ್ಯ, ಮತ್ತು ಉಚ್ಚೆಯಲ್ಲಿ ರಕ್ತ ಕಾಣುವ ತನಕ ಅದು ಹೊರಗೆ ತಿಳಿಯದೆಯೂ ಇರಬಹುದು. (ತಿಂದ ಸೊಪ್ಪಿನ ಬಣ್ಣದಿಂದಲೂ ಮೊಲದ ಉಚ್ಚೆ ಕೆಂಪಾಗುವುದುಂಟು, ರಕ್ತವೋ ಅಲ್ಲವೋ ಎಂಬುದನ್ನು ಪರೀಕ್ಷೆಯಿಂದಲೇ ತಿಳಿಯಬೇಕು.)

ಮೊಲದ ಶಸ್ತ್ರಚಿಕಿತ್ಸೆಯ ಅನುಭವವಿದ್ದ ವೈದ್ಯರು ಹುಬ್ಬಳ್ಳಿಯಲ್ಲಿ ಸಿಕ್ಕರು. ಮೊಲಕ್ಕೆ ಸೆಕೆ ತಡೆಯುವುದಿಲ್ಲವಾದ್ದರಿಂದ ಜನವರಿಯ ಒಂದು ನಸುಕಿನಲ್ಲಿ ಹೊರಟೆವು. ಹಿಂದಿನ ದಿನ ಚಿಕಿತ್ಸಾಲಯದ ಸಹಾಯಕರೊಬ್ಬರು, ನಾಯಿಗೆ ಹೇಳುವಂತೆ, ರಾತ್ರಿಯಿಂದ ಏನೂ ತಿನ್ನಿಸಬೇಡಿ ಎಂದಿದ್ದರು. ಸಂಶಯ ಬಂದು ವೈದ್ಯರನ್ನೇ ಕೇಳಿದ್ದು ಒಳ್ಳೆಯದಾಯಿತು. ನಾಯಿಗೆ ಉಪವಾಸ ಹೇಳುವುದು ಅರಿವಳಿಕೆಯಲ್ಲಿ ವಾಂತಿಯಾಗದಿರಲೆಂದು; ಮೊಲಕ್ಕೆ ವಾಂತಿಯೇ ಆಗುವುದಿಲ್ಲ, ಆದರೆ ಹೊಟ್ಟೆ ಖಾಲಿಯಿದ್ದರೆ ಕರುಳಿನ ಚಲನೆ ನಿಂತು ಜೀವಕ್ಕೇ ಅಪಾಯವಾಗುತ್ತದೆ. ಆದ್ದರಿಂದ ಹೊರಡುವವರೆಗೂ ಕರಡ ಮುಂದಿಟ್ಟಿದ್ದೆ.

ಮನೆಗೆ ಮರಳಿದ ಆ ರಾತ್ರಿಯೇ ನನಗೆ ಅತ್ಯಂತ ಕಠಿಣವಾಗಿತ್ತು. ನೋವಿನ ಔಷಧ ಕೊಟ್ಟು, ಗರಿಕೆಯನ್ನೂ ಕೊತ್ತಂಬರಿ ಸೊಪ್ಪನ್ನೂ ಮೂತಿಯ ಬಳಿ ಹಿಡಿದು ಕುಳಿತೆ; ಎರಡು ಗಂಟೆಯ ಹೊತ್ತಿಗೆ ನಾಲ್ಕು ಎಲೆ ತಿಂದಿತು, ಬೆಳಗಾಗುವಾಗ ಸಣ್ಣ ಸಣ್ಣ ಹಿಕ್ಕೆ ಬಿದ್ದಿದ್ದವು. ಅವನ್ನು ಕಂಡ ಮೇಲೆಯೇ ನಾನು ಮಲಗಿದ್ದು.

ನಡವಳಿಕೆ ಮರುದಿನವೇ ಬದಲಾಗಲಿಲ್ಲ, ಏಕೆಂದರೆ ಹಾರ್ಮೋನುಗಳ ಪ್ರಭಾವ ಇಳಿಯಲು ವಾರಗಳು ಬೇಕು. ಎರಡನೆಯ ತಿಂಗಳ ಹೊತ್ತಿಗೆ ಗುರುಗುಟ್ಟುವುದು ನಿಂತಿತು, ಉಚ್ಚೆ ಮತ್ತೆ ಮೂಲೆಗೆ ಸೀಮಿತವಾಯಿತು, ತುಪ್ಪಳ ಕೀಳುವುದು ಮತ್ತೆ ಕಾಣಲೇ ಇಲ್ಲ. ಆದರೆ ಎತ್ತಿಕೊಂಡರೆ ಈಗಲೂ ಒದೆಯುತ್ತದೆ. ಅದು ಬೇಟೆಗೆ ಬೀಳುವ ಪ್ರಾಣಿಯ ಹುಟ್ಟು ಭಯವೇ ಹೊರತು ಹಾರ್ಮೋನಿನ ಕೆಲಸವಲ್ಲ, ಹಾಗಾಗಿ ನಾನೇ ನೆಲದ ಮೇಲೆ ಕುಳಿತು ಸವರುತ್ತೇನೆ. ನಾಲ್ಕು ತಿಂಗಳಲ್ಲಿ ತೂಕ 1.9 ಕಿಲೋದಿಂದ 2.3 ಕಿಲೋಕ್ಕೆ ಏರಿದಾಗ ಅಂಗಡಿಯ ಪೆಲೆಟ್ ಆಹಾರವನ್ನು ಅರ್ಧಕ್ಕಿಳಿಸಿ, ಕರಡವನ್ನು ಮಾತ್ರ ಎಂದಿನಂತೆ ಬೇಕಾದಷ್ಟು ಹಾಕುತ್ತಿದ್ದೇನೆ.